ಕಂಬಳಿ ಹಾಸಿದ ಆಷಾಢ

ಹೋದ ವಾರ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಬಾಗೂರಿನ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಒಬ್ಬರು ಹೊಸ ಕಂಬಳಿಗಳ ಗಂಟೊಂದನ್ನು ನನ್ನ ಪಕ್ಕ ಇಳಿಸಿ ಬೀಡಿ ಹಚ್ಚಲು ಆಚೆ ಹೋದರು. ದಾರಿಯಲ್ಲಿ ತುಂತುರು ಬಿದ್ದು ಗಂಟು ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆ, ಅದರೊಳಗೆ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ಘಾಟು. ಹೊರಗೆ ಗಾಳಿ ಅಂಗಡಿಗಳ ಪ್ಲಾಸ್ಟಿಕ್ ಹೊದಿಕೆಗಳನ್ನೆಲ್ಲ ಪಟಪಟ ಬಡಿಯುತ್ತಿತ್ತು. ಇನ್ನೇನು ಬೇಕು? ಹಿಂದೊಮ್ಮೆ ಇಲ್ಲಿ ಕಳೆದ ಒಂದು ಇಡೀ ಆಷಾಢ ನನ್ನ ಮೈಮೇಲೆ ಬಂತು. ಬಾಗೂರಿನ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ನಾನು ನೃತ್ಯ ಮಾಡುವವಳು. ಯಾವ ನೃತ್ಯ ಎಂದು ಕೇಳಿದರೆ ಮಾತ್ರ ಕಷ್ಟ. ಚಿತ್ರದುರ್ಗದಲ್ಲಿ ಬೆಳೆದೆ, ಅಲ್ಲೇ ಭರತನಾಟ್ಯ ಕಲಿತೆ, ಆಮೇಲೆ ಬೆಂಗಳೂರಿಗೆ ಹೋಗಿ ಕಲಿತದ್ದನ್ನೆಲ್ಲ ಮರೆಯುವುದನ್ನು ಕಲಿತೆ. ಬಾಗೂರಿನ ನಮ್ಮ ದೊಡ್ಡಪ್ಪನಿಗೆ ಒಮ್ಮೆ, ನನ್ನದು ಕಾಂಟೆಂಪರರಿ ಎಂದು ವಿವರಿಸಿದ್ದೆ. ದೊಡ್ಡಪ್ಪ ತುಂಬ ಕನಿಕರದಿಂದ ಕೇಳಿದ್ದರು: "ಟೆಂಪರವರಿನಾ? ಮತ್ತೆ ಪರ್ಮನೆಂಟ್ ಯಾವಾಗ ಮಾಡ್ತಾರವ್ವ?" ಅವತ್ತು ನಕ್ಕಿದ್ದೆ. ಆಮೇಲೆ ಯೋಚಿಸಿದಾಗಲೆಲ್ಲ ನಗು ಕಡಿಮೆಯಾಗುತ್ತ ಹೋಯಿತು.

ಆ ಆಷಾಢದ ವರ್ಷ ಒಂದು ನೃತ್ಯೋತ್ಸವ ಚಿತ್ರದುರ್ಗಕ್ಕೆ ಬರುವುದಿತ್ತು. ದೇಶದ ಬೇರೆ ಬೇರೆ ಊರುಗಳಲ್ಲಿ ಸರದಿಯ ಮೇಲೆ ನಡೆಯುವಂಥದ್ದು. ಆ ಸಲದ ವಿಷಯ ದೇಶ, ಪರಂಪರೆ, ನಮ್ಮ ಗುರುತು. ಇದೇ ಜಿಲ್ಲೆಯವಳೆಂದು ನನಗೆ ಅರ್ಧ ಗಂಟೆಯ ಹೊಸ ಕೃತಿ ಮಾಡಲು ಹೇಳಿದರು. ಮೊದಲು ತೋರಿಸಬೇಕು, ಒಪ್ಪಿದರೆ ವೇದಿಕೆ. ನಾನು ನಿಖಿಲ್ ಎಂಬ ನರ್ತಕನನ್ನೂ ಅವನ ಜೊತೆ ಕುಣಿಯುವ ಗೆಳತಿಯನ್ನೂ ಕಟ್ಟಿಕೊಂಡು ಹೊಸದುರ್ಗಕ್ಕೆ ಬಂದಿಳಿದೆ. ಅಲ್ಲೇ ಯಾಕೆಂದರೆ ಬಾಗೂರು ಹತ್ತಿರ, ಬಾಗೂರಿನಲ್ಲಿ ಡೊಳ್ಳು ಬಾರಿಸುವ ಮಾಳಮ್ಮ ಇದ್ದಳು. ಇನ್ನೊಂದು ಕಾರಣ, ಆಷಾಢದಲ್ಲಿ ಮದುವೆಗಳಿಲ್ಲದೆ ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ಊರಾಚೆ ತೆಂಗಿನ ತೋಟಗಳ ನಡುವೆ ಒಂದು ಮಂಟಪ ಸಿಕ್ಕಿತು. ಗೋಡೆಯ ಮೇಲೆ ಹಿಂದಿನ ಮದುವೆಯ ಥರ್ಮೋಕೋಲ್ ಅಕ್ಷರಗಳು ಇನ್ನೂ ಇದ್ದವು. ವರನ ಹೆಸರು ಉದುರಿ ವಧುವಿನದು ಮಾತ್ರ ಉಳಿದಿತ್ತು.

ಗಾಳಿ ಅಂದರೆ ಅಂಥಿಂಥ ಗಾಳಿಯಲ್ಲ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಹಗಲಿರುಳು ತಿರುಗುತ್ತಿದ್ದವು. ತೆಂಗಿನ ಗರಿಗಳ ಸದ್ದಿಗೆ ಮಳೆ ಬಂತೆಂದು ಎದ್ದು ಬಟ್ಟೆ ತೆಗೆಯಲು ಓಡುತ್ತಿದ್ದೆವು, ಮಳೆ ಇರುತ್ತಿರಲಿಲ್ಲ. ಮೋಡ ಬಂದ ಹಾಗೆ ಬಂದು ಭರಮಸಾಗರದ ಕಡೆಗೋ ಮತ್ತೆಲ್ಲಿಗೋ ಹೊರಟುಹೋಗುತ್ತಿತ್ತು. ಆ ಗಾಳಿಯಲ್ಲಿ ನನಗೆ ಒಂದು ಕಡೆ ಕೂತು ಊಟ ಮಾಡಲೂ ಆಗುತ್ತಿರಲಿಲ್ಲ. ತಟ್ಟೆ ಹಿಡಿದು ಓಡಾಡುತ್ತಿದ್ದೆ, ನಿನ್ನೆ ಮಾಡಿದ್ದನ್ನು ಇವತ್ತು ಅಳಿಸುತ್ತಿದ್ದೆ, ಇವತ್ತಿನದು ನಾಳೆಗೆ ಹಿಡಿಸುತ್ತಿರಲಿಲ್ಲ.

ಮಾಳಮ್ಮ ದೊಡ್ಡಪ್ಪನ ಮಗಳು, ನನಗಿಂತ ದೊಡ್ಡವಳು, ಅಕ್ಕ. ಕುರಿಗಾರರ ಮನೆತನ ನಮ್ಮದು. ಡೊಳ್ಳು ಗಂಡಸರ ಹೆಗಲಿನಲ್ಲಿದ್ದ ಮನೆಯಲ್ಲಿ ಹಟ ಹಿಡಿದು ಅದನ್ನು ತನ್ನ ಹೊಟ್ಟೆಗೆ ಕಟ್ಟಿಕೊಂಡವಳು ಅವಳು. ಹಗಲು ಕೊಬ್ಬರಿ ಗೋಡೌನಿನಲ್ಲಿ ಕೆಲಸ. ಅಲ್ಲಿಯ ಹೆಂಗಸರನ್ನೇ ಸೇರಿಸಿ ಒಂದು ಡೊಳ್ಳಿನ ಮೇಳ ಕಟ್ಟಿದ್ದಳು. ಮೇಳಕ್ಕೆ ಕರೆಗೇನೂ ಕಡಿಮೆಯಿರಲಿಲ್ಲ. ನಮ್ಮ ಕಡೆ ಡೊಳ್ಳೆಂದರೆ ಗಣ್ಯರ ಕಾರಿಗೆ ಎರಡನೆಯ ಹಾರ್ನ್ ಇದ್ದ ಹಾಗೆ. ಶಾಲೆಗೆ ಯಾರೋ ಬಂದರೆ ಅವರ ಮುಂದೆ, ಹೊಸ ಕಟ್ಟಡ ಉದ್ಘಾಟನೆಯೆಂದರೆ ಅದರ ಮುಂದೆ, ಗಣಪತಿ ಬಿಡಲು ಹೊರಟರೆ ಟ್ರ್ಯಾಕ್ಟರಿನ ಮುಂದೆ.

ನನ್ನ ಕೃತಿಗೆ ಅವಳನ್ನೂ ಮೇಳವನ್ನೂ ಕರೆಯಲು ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಜನ ಕುಂತ್ಕಂಡು ನೋಡ್ತಾರಾ?"

"ಹೂಂ ಅಕ್ಕ, ದೊಡ್ಡ ಹಾಲು. ಎಲ್ಲ ಕುರ್ಚಿ ಮೇಲೆ ಕೂತಿರ್ತಾರೆ."

"ನಮ್ಮ ಹಿಂದೆ ಯಾವ ಕಾರೂ ಬರಂಗಿಲ್ವಾ?"

"ಯಾವ ಕಾರೂ ಇಲ್ಲ."

"ಹಂಗಾರೆ ಬರ್ತೀನಿ. ಇಷ್ಟು ವರ್ಷ ನಡೀತಾ ನಡೀತಾ ಬಾರ್ಸಿದೀನಿ ಕಣೆ ಸುಧಿ. ಒಂದು ಕಡೆ ನಿಂತು ಬಾರ್ಸಿದ್ದಿಲ್ಲ, ಒಬ್ಬರು ಕುಂತು ನೋಡಿದ್ದಿಲ್ಲ."

ಆ ಆಸೆ ಅವಳ ಮುಖದಲ್ಲಿ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ಅವಳ ಮೇಳದ ಹೆಂಗಸರು ಅದನ್ನೇ ಹಿಡಿದು ರೇಗಿಸುತ್ತಿದ್ದರು. ಟೀ ಕುಡಿಯುವಾಗ ಎದುರಿಗೆ ಸಾಲಾಗಿ ಕೂತು "ಬಾರ್ಸಮ್ಮ, ಕುಂತಿದೀವಿ" ಎನ್ನುತ್ತಿದ್ದರು. ಅವಳು ಸೆರಗು ಬೀಸಿ ಓಡಿಸುತ್ತಿದ್ದಳು.

ಇಲ್ಲಿ ನನ್ನ ಕೃತಿಯ ವಿಚಾರ ಹೇಳಬೇಕು. ಡೊಳ್ಳು ಹೊತ್ತವರ ಮೈ, ಡೊಳ್ಳು ಇಳಿಸಿದ ಮೇಲೂ ಸ್ವಲ್ಪ ಹೊತ್ತು ಹಿಂದಕ್ಕೆ ವಾಲಿಯೇ ಇರುತ್ತದೆ. ಚಿಕ್ಕಂದಿನಲ್ಲಿ ನೋಡಿದ್ದು, ಮರೆತಿರಲಿಲ್ಲ. ದೇಶ, ಪರಂಪರೆ ಎಂದರೆ ನನಗೆ ನೆನಪಾಗುವುದು ಬಾವುಟವಲ್ಲ, ಕೋಟೆಯಲ್ಲ, ಆ ವಾಲಿದ ಬೆನ್ನು. ಹೊತ್ತದ್ದು ಕಾಣದಿದ್ದರೂ ಮೈ ಅದರ ಭಾರಕ್ಕೆ ಹೊಂದಿಕೊಂಡಿರುತ್ತದೆ. ಹಾಗಾಗಿ ನನ್ನ ಅರ್ಧ ಗಂಟೆಯಲ್ಲಿ ಡೊಳ್ಳಿನ ಹೆಜ್ಜೆಯೆಲ್ಲ ಇರಬೇಕು, ಡೊಳ್ಳು ಮಾತ್ರ ಇರಕೂಡದು. ಇವತ್ತಿಗೂ ಅದು ಒಳ್ಳೆಯ ಯೋಚನೆ ಎಂದೇ ನಂಬುತ್ತೇನೆ, ಯಾರಾದರೂ ವಾದಕ್ಕೆ ಬಂದರೆ ಬರಲಿ.

ವಾದಕ್ಕೆ ಬಂದವಳು ಮಾಳಮ್ಮ.

"ಡೊಳ್ಳಿಲ್ದೆ ಕುಣಿಯಾಕೆ ನಮಗೇನು ಹುಚ್ಚು ಹಿಡಿದೈತಾ?"

"ಡೊಳ್ಳು ಇದೆ ಅಂತ ಮೈಗೆ ಅನ್ನಿಸಬೇಕು ಅಕ್ಕ."

"ಊಟ ಐತೆ ಅಂತ ಹೊಟ್ಟೆಗೆ ಅನ್ಸಿದ್ರೆ ಸಾಕಾಗ್ತೈತಾ?"

ಹೀಗೆ ದಿನಾ. ಬರಿಗೈಯಲ್ಲಿ ಕುಣಿಯುವಾಗ ಅವಳ ಹೆಜ್ಜೆ ಬೇಕೆಂದೇ ತಪ್ಪುತ್ತಿತ್ತು. ತಿದ್ದಲು ಹೋದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನನಗೆ ನೆಲನೂ ಸರಿಯಾಗೈತೆ, ಹೊಟ್ಟೆ ಮ್ಯಾಲೆ ಏನೂ ಇಲ್ಲ ಅಷ್ಟೆ" ಎನ್ನುತ್ತಿದ್ದಳು. ಆದರೂ ದಿನಾ ಸಂಜೆ ಗೋಡೌನಿನಿಂದ ಸೀದಾ ಬರುತ್ತಿದ್ದಳು. ಡೊಳ್ಳನ್ನೂ ತರುತ್ತಿದ್ದಳು. ಬಾಗಿಲ ಹತ್ತಿರ ಇಟ್ಟು, ಬಿಡುವಿನಲ್ಲಿ ಹೋಗಿ ಅದರ ಹಗ್ಗ ಬಿಗಿ ಮಾಡಿ ಬರುತ್ತಿದ್ದಳು. ನನಗೆ ಅದು ಕಣ್ಣಿಗೆ ಚುಚ್ಚಿದ ಹಾಗಾಗುತ್ತಿತ್ತು.

ಕೃತಿಯ ನಡುವೆ ಇನ್ನೊಂದು ಘಟ್ಟ ಇತ್ತು. ಕುಣಿಯುತ್ತ ಕುಣಿಯುತ್ತ ನಾನು ನೆಲಕ್ಕೆ ಒಂದು ಕರಿ ಕಂಬಳಿ ಹಾಸುತ್ತೇನೆ. ಅದೇ ನಾಡು, ಅದೇ ನೆಲ. ಎಲ್ಲರೂ ಅದರ ಅಂಚು ಹಿಡಿದು ತಮ್ಮ ತಮ್ಮ ಕಡೆ ಎಳೆಯಬೇಕು. ಅಭ್ಯಾಸಕ್ಕೆ ಮಂಟಪದ ಜಮಖಾನವನ್ನೇ ಬಳಸುತ್ತಿದ್ದೆವು. ನಿಜವಾದ ಕಂಬಳಿ ತಂದದ್ದು ತೋರಿಸುವ ದಿನ. ದೊಡ್ಡಪ್ಪನನ್ನು ಕೇಳಿದೆ, ಯಾಕೆ ಎಂದೂ ಕೇಳದೆ ಕೊಟ್ಟರು. ನೀವೂ ನೋಡಲು ಬನ್ನಿ, ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದಿದ್ದೆ. ಪ್ರೇಕ್ಷಕರಿಲ್ಲದೆ ಉತ್ಸವದವರಿಗೆ ಏನು ತೋರಿಸುವುದು!

ಉತ್ಸವದ ಕಡೆಯಿಂದ ಒಬ್ಬ ಮೇಡಂ ಬಂದರು, ಅವರ ಜೊತೆ ಕ್ಯಾಮೆರಾ ಹಿಡಿದ ಒಬ್ಬರು. ಬಾಗೂರಿನ ಹಿರಿಯರು ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಭೀರವಾಗಿ ಕೂತರು. ಶುರುವಾಯಿತು. ಗಾಳಿ ಕಿಟಕಿಗಳನ್ನು ಬಡಿಯುತ್ತಿದ್ದುದೂ ನನ್ನ ತಾಳಕ್ಕೆ ಸರಿಯಾಗಿಯೇ ಬಿತ್ತು. ಮೇಡಂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಗೆದ್ದೆ ಅಂದುಕೊಂಡೆ. ಕಂಬಳಿ ಕೊಡವಿ ನೆಲಕ್ಕೆ ಹಾಸಿದೆ.

ದೊಡ್ಡಪ್ಪ ಎದ್ದರು. ಚಪ್ಪಲಿ ಬಿಟ್ಟರು. ನಡೆದು ಬಂದು, ಕುಣಿಯುತ್ತಿದ್ದ ನಿಖಿಲನನ್ನು ಮೆಲ್ಲಗೆ ಒಂದು ಕಡೆ ಸರಿಸಿ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಹಿಂದೆ ಉಳಿದ ಹಿರಿಯರೂ ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬರು ಎಲೆ ಅಡಿಕೆಯ ಸಂಚಿ ಬಿಚ್ಚಿದರು.

"ಹೂಂ," ಅಂದರು ದೊಡ್ಡಪ್ಪ. "ಯಾರ ನ್ಯಾಯ?"

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆಯ ಮೇಲೆ ಕೈ ಹೊತ್ತೆ. ನಮ್ಮವರಲ್ಲಿ ಸುಮ್ಮಸುಮ್ಮನೆ ಜನರ ನಡುವೆ ಕಂಬಳಿ ಹಾಸುವುದಿಲ್ಲ. ಯಾರದೋ ವ್ಯಾಜ್ಯವಿದ್ದಾಗ ಹಾಸುತ್ತಾರೆ, ಹಿರಿಯರು ಅದರ ಮೇಲೆ ಕೂರುತ್ತಾರೆ, ಕೂತ ಮೇಲೆ ಇತ್ಯರ್ಥ ಮಾಡಿಯೇ ಏಳುತ್ತಾರೆ. ಪೇಟೆಯಲ್ಲಿ ಬೆಳೆದ ನಾನು ಅದನ್ನು ಕೇಳಿದ್ದೆ, ಕಂಡಿರಲಿಲ್ಲ.

"ದೊಡ್ಡಪ್ಪ, ಇದು ಡ್ಯಾನ್ಸು!"

"ಮಾಡ್ಕಳ್ರಿ, ಯಾರು ಬ್ಯಾಡ ಅಂದ್ರು? ಕಂಬಳಿ ಯಾಕವ್ವ ಹಾಸ್ದೆ? ಹಾಸಿದ್ಮ್ಯಾಲೆ ನಾವು ಕುಂತ್ಕಬೇಕು. ಕುಂತ್ಮ್ಯಾಲೆ ಸುಮ್ನೆ ಮಡಿಸಾಕೆ ಬರಂಗಿಲ್ಲ."

ಕ್ಯಾಮೆರಾದವರು ಹತ್ತಿರ ಬಂದರು. ಮೇಡಂ ಇದೆಲ್ಲ ಕೃತಿಯ ಭಾಗವೇ ಎಂದುಕೊಂಡು ಕಣ್ಣರಳಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಮಾಳಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನಂದೈತೆ ನ್ಯಾಯ."

"ಹೇಳವ್ವ. ಇಲ್ಲಿ ಕುಂತಾಗ ನಾನು ನಿಮ್ಮಪ್ಪ ಅಲ್ಲ."

"ಇವಳ ಮ್ಯಾಲೆ," ಎಂದು ನನ್ನ ಕಡೆ ಕೈ ತೋರಿಸಿದಳು. "ಮದ್ವೆಗೆ ಮುಂಚಿಂದ ಡೊಳ್ಳು ಬಾರಿಸ್ತಿದೀನಿ. ಜನ ನೋಡೋದು ನಮ್ಮನ್ನಲ್ಲ, ನಮ್ಮ ಹಿಂದೆ ಬರೋರ್ನ. ಇವಳು ಬಂದು, ಅಕ್ಕ, ಜನ ಕುಂತ್ಕಂಡು ನೋಡ್ತಾರೆ ಬಾ ಅಂದ್ಲು. ಬಂದೆ. ಬಂದ್ಮ್ಯಾಲೆ ಡೊಳ್ಳು ಬಾಗಿಲಾಗ ಇಟ್ಟು ಬಾ ಅಂದ್ಲು. ಡೊಳ್ಳಿದ್ದಾಗ ಕುಂತೋರಿಲ್ಲ. ಕುಂತೋರಿದ್ದಾಗ ಡೊಳ್ಳಿಲ್ಲ. ನಾನೇನು ಪಾಪ ಮಾಡಿದೀನಿ ಹೇಳ್ರಿ?"

ನನಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು. ಇದು ನನ್ನ ಕೃತಿ, ಯಾರ ಕೈಯಲ್ಲಿ ಏನಿರಬೇಕೆಂದು ನಾನು ನಿರ್ಧರಿಸುತ್ತೇನೆ ಎಂದು ಜೋರಾಗಿಯೇ ಹೇಳಿದೆ. ಹಿರಿಯರು ತಲೆದೂಗಿದರು. ನನ್ನ ಕೃತಿಯನ್ನು ಯಾರೂ ಕಿತ್ತುಕೊಳ್ಳಲು ಬಂದಿರಲಿಲ್ಲ. ಸಂಚಿಯವರು ನಡುವೆ ಬಾಯಿ ಹಾಕಿ, ಈ ಹುಡುಗಿಗೆ ಮದುವೆ ಆಗಿದೆಯಾ ಎಂದು ವಿಚಾರಿಸಿದರು. ಅದು ಈಗಿನ ವ್ಯಾಜ್ಯವಲ್ಲ ಎಂದು ದೊಡ್ಡಪ್ಪ ಅವರ ಬಾಯಿ ಮುಚ್ಚಿಸಿದರು. ತಮ್ಮತಮ್ಮಲ್ಲೇ ಗುಸುಗುಸು ನಡೆಸಿದರು. ಒಬ್ಬರಂತೂ ನನ್ನ ಪರವಾಗಿಯೇ ಜಗಳಕ್ಕೆ ನಿಂತರು, ಹಣೆಯ ಮೇಲೆ ಬೆವರಿಳಿಸಿಕೊಂಡು.

ಕೊನೆಗೆ ದೊಡ್ಡಪ್ಪ ತೀರ್ಮಾನ ಹೇಳಿದರು. "ಮಾಳಿ ಡೊಳ್ಳು ಹೊತ್ತು ಬಾರಿಸ್ಲಿ. ಡೊಳ್ಳಿಲ್ದ ಕುಣಿತ ಬೇಕಂದ್ರೆ ಸುಧಾ ಮಾಡ್ಲಿ. ಇಬ್ರೂ ಒಂದೇ ಕಡೆ, ಕುಂತಿರೋ ಜನರ ಮುಂದೆ. ತಪ್ಪಿಗೆ ಇಬ್ರೂ ಸೇರಿ ಎಲ್ರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸ್ರಿ."

ಕಂಬಳಿ ಮಡಿಸಿದರು. ಮಾಳಮ್ಮ ಓಡಿಹೋಗಿ ಡೊಳ್ಳು ಕಟ್ಟಿಕೊಂಡಳು. ಅವಳ ಬಡಿತಕ್ಕೆ ಎದುರಾಗಿ ನಾನು ಬರಿಗೈಯಲ್ಲಿ, ಬೆನ್ನು ವಾಲಿಸಿ ಕುಣಿದೆ. ಅಷ್ಟು ದಿನ ಅಳಿಸಿ ಬರೆದು ಅಳಿಸಿ ಬರೆದು ಸಿಗದಿದ್ದದ್ದು ಸಿಕ್ಕಿತು. ಅವಳ ಹೊಟ್ಟೆಯ ಮೇಲಿದ್ದದ್ದರ ಭಾರ ನನ್ನ ಸೊಂಟಕ್ಕೆ ಬಂತು. ನನಗೆ ಅಷ್ಟು ಸಂತೋಷವಾದದ್ದು ಕಡಿಮೆ.

ಮೇಡಂ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಆದರೆ ಅವರಿಗೆ ಬೇಕಾದದ್ದು ಇದಲ್ಲ, ಕಂಬಳಿ. ಹಿರಿಯರು ಬಂದು ಕೂರುವುದು, ಮಾಳಮ್ಮ ದೂರು ಹೇಳುವುದು, ಎಲ್ಲ ಹೀಗೆಯೇ ಚಿತ್ರದುರ್ಗದಲ್ಲೂ ಆಗಬೇಕು. ದೊಡ್ಡಪ್ಪ ಒಪ್ಪಲಿಲ್ಲ.

"ತೀರಿದ ನ್ಯಾಯನ ಮತ್ತೆ ಕಂಬಳಿ ಮ್ಯಾಲೆ ತರಂಗಿಲ್ಲ ಕಣಮ್ಮ."

"ನಾಟಕದ ಥರ ಮಾಡಿ ಸರ್, ಸುಮ್ಮನೆ."

"ನಾಟಕ ಆಡೋರು ಹಿರಿಯೂರಾಗೆ ಭಾಳ ಜನ ಅವ್ರೆ. ಅವರನ್ನ ಕರೀರಿ."

ಮೇಡಂ ಕೆಟ್ಟವರಲ್ಲ. ನಗುತ್ತಲೇ ಹೋದರು. ಕೆಲವು ದಿನ ಬಿಟ್ಟು ಫೋನ್ ಮಾಡಿದರು. ಗಾಳಿಯ ಸದ್ದಿನಲ್ಲಿ ಮಾತು ಕೇಳದೆ ನಾನು ಮಂಟಪದ ಮೆಟ್ಟಿಲ ಕೆಳಗೆ ನುಗ್ಗಿ ಕೂತಿದ್ದೆ. ಕಂಬಳಿಯ ದೃಶ್ಯ ಇಲ್ಲದಿದ್ದರೆ ಡೊಳ್ಳಿನ ಹೆಂಗಸರು ವೇದಿಕೆಯ ಮೇಲೆ ಹೊಂದುವುದಿಲ್ಲವಂತೆ. ಅವರದು ಜಾನಪದ, ನಿಮ್ಮದು ಸಮಕಾಲೀನ, ಎರಡನ್ನೂ ಬೆರೆಸಿದರೆ ನೋಡುವವರಿಗೆ ಗೊಂದಲ. ನೀವು ಮೂವರು ನರ್ತಕರು ಒಳಗೆ ಮಾಡಿ, ಡೊಳ್ಳಿನವರು ಗೇಟಿನಿಂದ ಅತಿಥಿಗಳನ್ನು ಕರೆತರಲಿ, ಅವರಿಗೂ ಗೌರವ. ಇಷ್ಟನ್ನೂ ಬಹಳ ಮೃದುವಾಗಿ ಹೇಳಿದರು. ನಾನು ಕೂಗಾಡಿದೆ, ಬರುವುದೇ ಇಲ್ಲ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ತೋಟದೊಳಗೆ ಕಾಲು ಸೋಲುವವರೆಗೆ ಸುತ್ತಿದೆ. ಕೈಗೆ ಬಂದ ತುತ್ತು ಬಾಯಿಗಿಲ್ಲ ಅನ್ನುವ ಮಾತು ನನ್ನದೋ ಮಾಳಮ್ಮನದೋ ತಿಳಿಯಲಿಲ್ಲ.

ಅವಳಿಗೆ ಹೇಳಿದಾಗ ಅವಳು ಕೊಬ್ಬರಿಯ ಚೂರು ಬಾಯಿಗೆ ಹಾಕಿಕೊಂಡಳು.

"ಮತ್ತೆ ಮೆರವಣಿಗೆನೇ?"

"ನಾನು ಆಗಲ್ಲ ಅಂದಿದೀನಿ ಅಕ್ಕ. ಯಾರೂ ಹೋಗೋದು ಬೇಡ."

"ಲೇ, ನೀನ್ಯಾಕೆ ಬಿಡ್ತೀಯ? ಫೋನ್ ಮಾಡಿ ಬರ್ತೀವಿ ಅನ್ನು. ನೀನು ಒಳಗೆ ಕುಣಿ. ಕರೆದಿದಾರೆ, ನಾವೂ ಬರ್ತೀವಿ. ಹೋಗಾಣ."

ಅವಳ ಮನಸ್ಸಿನಲ್ಲಿ ಏನಿತ್ತೋ. ಫೋನ್ ಮಾಡಿದೆ.

ಭೀಮನ ಅಮಾವಾಸ್ಯೆ ಹತ್ತಿರವಿತ್ತು. ಆಷಾಢ ಮುಗಿಯುತ್ತ ಬಂದಿದ್ದರೂ ಗಾಳಿ ಇಳಿದಿರಲಿಲ್ಲ. ಹೊಳಲ್ಕೆರೆಯ ದಾರಿಯಲ್ಲಿ ಟೆಂಪೋದೊಳಗೆ ಡೊಳ್ಳುಗಳು ಒಂದಕ್ಕೊಂದು ತಾಗಿ ತಾವೇ ಗುಂಯ್ ಎನ್ನುತ್ತಿದ್ದವು. ನೋಡಲೆಂದು ಜೊತೆಗೆ ಹೊರಟ ದೊಡ್ಡಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಚಿತ್ರದುರ್ಗದ ಆ ಸಭಾಂಗಣಕ್ಕೆ ಅಗಲವಾದ ಮೆಟ್ಟಿಲುಗಳು, ಮೆಟ್ಟಿಲ ತುದಿಯಲ್ಲಿ ದೊಡ್ಡ ಬಾಗಿಲು. ಸಂಜೆ ನಾವು ಮೂವರು ವೇದಿಕೆಯ ಪಕ್ಕದಲ್ಲಿ ತಯಾರಾಗಿ ನಿಂತೆವು. ಹಾಲಿನ ಕುರ್ಚಿಗಳೆಲ್ಲ ಖಾಲಿ. ಮುಖ್ಯ ಅತಿಥಿ ಬಂದ ಮೇಲೆ, ಅವರ ಹಿಂದೆಯೇ ಜನ ಒಳಗೆ ಬರುವುದೆಂದು ಏರ್ಪಾಡಾಗಿತ್ತು. ಗೇಟಿನ ಹತ್ತಿರ ಡೊಳ್ಳು ಶುರುವಾಯಿತು. ಸದ್ದು ಹತ್ತಿರ ಬಂತು, ಮೆಟ್ಟಿಲು ಹತ್ತಿತು. ಇನ್ನೇನು ಬಾಗಿಲೊಳಗೆ ಬರಬೇಕು, ಬರಲಿಲ್ಲ. ಅಲ್ಲೇ ನಿಂತಿತು. ನಿಲ್ಲಲೂ ಇಲ್ಲ, ಬಡಿತ ಜೋರಾಗುತ್ತಲೇ ಹೋಯಿತು.

ಮೊದಲ ಬೆಲ್ ಹೊಡೆಯಿತು. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ನಿಖಿಲ್ ನನ್ನ ಮುಖ ನೋಡಿದ. ನಾನು ಪಕ್ಕದ ಬಾಗಿಲಿನಿಂದ ಬರಿಗಾಲಿನಲ್ಲಿ ಹೊರಗೆ ಓಡಿದೆ.

ಮಾಳಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಮೆಟ್ಟಿಲ ತುದಿಯಲ್ಲಿ, ಜನರ ಕಡೆ ತಿರುಗಿ ನಿಂತುಬಿಟ್ಟಿದ್ದಳು. ಅವಳ ಎರಡೂ ಕಡೆ ಮೇಳದ ಹೆಂಗಸರು. ಕೆಳಗೆ ಹಾರ ಹಾಕಿಕೊಂಡ ಮುಖ್ಯ ಅತಿಥಿ, ಅವರ ಹಿಂದೆ ಊರಿನ ಜನವೆಲ್ಲ. ಮೇಡಂ ಬದಿಯಲ್ಲಿ ನಿಂತು "ಮುಂದೆ ನಡೀರಿ, ಒಳಗೆ, ಒಳಗೆ" ಎಂದು ಕೈ ಬೀಸುತ್ತಿದ್ದರು. ಮಾಳಮ್ಮನಿಗೆ ಕೇಳಿಸುತ್ತಿರಲಿಲ್ಲ ಅಥವಾ ಕೇಳಿಸಿಕೊಳ್ಳುತ್ತಿರಲಿಲ್ಲ. ಗಾಳಿಗೆ ಅವಳ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಅದನ್ನೂ ಸರಿಸದೆ ಬಾರಿಸುತ್ತಿದ್ದಳು. ಅತಿಥಿಗಳು ಪೆಚ್ಚಾಗಿ ನಗುತ್ತ ಒಂದು ಮೆಟ್ಟಿಲು ಹತ್ತಿದರು, ಇಳಿದರು. ಜನ ಗೊಣಗಲು ಶುರು ಮಾಡಿದರು. ಇನ್ನೊಂದು ನಿಮಿಷ ಹೋದರೆ ಯಾರಾದರೂ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆಯುವುದು ಖಂಡಿತ ಎನ್ನಿಸಿತು.

ಆಗ ಗುಂಪನ್ನು ಸೀಳಿಕೊಂಡು ದೊಡ್ಡಪ್ಪ ಬಂದರು. ಹೆಗಲ ಮೇಲಿನ ಕಂಬಳಿ ತೆಗೆದು ಒಮ್ಮೆ ಕೊಡವಿ, ಮೆಟ್ಟಿಲ ಬುಡದಲ್ಲಿ, ಅತಿಥಿಯ ಕಾಲ ಮುಂದೆ ಹಾಸಿದರು.

ನಾನು ಅವರ ಹತ್ತಿರ ಹೋಗಿ ಪಿಸುಗುಟ್ಟಿದೆ. "ದೊಡ್ಡಪ್ಪ, ತೀರಿದ ನ್ಯಾಯ ಮತ್ತೆ ತರಬಾರದು ಅಂದಿದ್ರಿ!"

"ಎಲ್ಲಿ ತೀರೈತೆ?" ಎಂದರು. "ಕುಂತಿರೋ ಜನರ ಮುಂದೆ ಅಂತ ತೀರ್ಮಾನ ಆಗಿತ್ತು. ಯಾರು ಕುಂತಿದಾರೆ ತೋರ್ಸು?"

ಆಮೇಲೆ ಅತಿಥಿಯ ಕಡೆ ತಿರುಗಿ ಕೈ ಮುಗಿದರು. "ಬರ್ರಿ. ಕುಂತ್ಕಳ್ರಿ."

ಆ ಅತಿಥಿ ನಮ್ಮ ಸೀಮೆಯವರೇ ಇರಬೇಕು. ಹಾಸಿದ ಕಂಬಳಿಯನ್ನು ನೋಡಿದರು, ದೊಡ್ಡಪ್ಪನನ್ನು ನೋಡಿದರು. ಹಾರ ತೆಗೆದು ಪಕ್ಕದವರ ಕೈಗೆ ಕೊಟ್ಟು, ಬೂಟು ಬಿಚ್ಚಿ, ಮೊಣಕಾಲಿನ ಮೇಲೆ ಕೈಯೂರಿ ಕೂತರು. ಅವರು ಕೂತ ಮೇಲೆ ಹಿಂದಿನವರು ನಿಂತಿರುವುದು ಹೇಗೆ? ಒಂದು ಸಾಲು ಕೂತಿತು. ಅದರ ಹಿಂದಿನವರಿಗೆ ಕಾಣುವಂತಾಯಿತು, ಅವರೂ ಕೂತರು. ಮೆಟ್ಟಿಲ ಬುಡದಿಂದ ಗೇಟಿನವರೆಗೆ, ಜರಿ ಸೀರೆಗಳು, ಪ್ಯಾಂಟುಗಳು, ಧೂಳಿನ ನೆಲವೆನ್ನದೆ ಎಲ್ಲರೂ ಕೂತರು.

ಮಾಳಮ್ಮ ಆಗ ಕಣ್ಣೆತ್ತಿ ನೋಡಿದಳು. ಅವಳ ಹಿಂದೆ ಯಾರೂ ಇರಲಿಲ್ಲ, ಖಾಲಿ ಬಾಗಿಲು ಮಾತ್ರ. ಎಲ್ಲರೂ ಮುಂದೆ ಇದ್ದರು. ಬಡಿತ ಒಂದು ಕ್ಷಣ ತಪ್ಪಿತು, ಆಮೇಲೆ ಅವಳು ಬಾರಿಸಿದ್ದನ್ನು ನಾನು ಅಷ್ಟು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮೇಡಂ ನನ್ನ ತೋಳು ಅಲುಗಿಸಿ, ನಿಮ್ಮದು ಶುರುವಾಗಬೇಕು, ಒಳಗೆ ಹೋಗಿ ಎಂದರು. ನಾನು ಕಂಬಳಿಯ ಆಚೆ, ಯಾರದೋ ಚಪ್ಪಲಿಗಳ ಪಕ್ಕ ಜಾಗ ಮಾಡಿಕೊಂಡು ಕೂತೆ.

ಒಳಗೆ ಎರಡನೆಯ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ.